ಎರಡನೆಯ ಪೆಡಲು

ಹಾರ್ಲೆಕ್ ಊರಲ್ಲಿ ಚೆಂಡು ಇಟ್ಟರೆ ಉರುಳದ ಜಾಗ
ನನಗೆ ಗೊತ್ತಿರುವುದು ಒಂದೇ:
ಚಾಪೆಲಿಗೂ ನನ್ನ ಮನೆಗೂ ನಡುವಿನ ಈ ಅಂಗಳ.
ಉಳಿದದ್ದೆಲ್ಲ ಇಳಿಜಾರು, ಕಡಲಿನ ಕಡೆಗೆ.

ಭಾನುವಾರ ಹತ್ತೂವರೆ. ಒಳಗೆ ಹಾಡು ಶುರುವಾಗಿದೆ.
ಮುಂದಿನ ಗಾಲಿಗಳಿಗೆ ಇಟ್ಟಿಗೆ ಕೊಟ್ಟು
ಹ್ಯಾಂಡ್‌ಬ್ರೇಕ್ ಇಳಿಸಿ
ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿದ್ದೇನೆ.
ಬಾಲ ಎತ್ತಿದ ಹಸುವಿನ ಹಾಗೆ ನಿಂತಿದೆ
ಹನ್ನೊಂದು ವರ್ಷ ಊರಿಗೆಲ್ಲ ಓಡಿಸಲು ಕಲಿಸಿದ ಕಾರು,
ನೆತ್ತಿಯ ಮೇಲೆ ಕೆಂಪು ಅಕ್ಷರ ಹೊತ್ತು.

ಕರೆದಿರಲಿಲ್ಲ, ಮಾಕ್ಸೆನ್ ಬಂದ.
ಪರೀಕ್ಷೆಯಲ್ಲಿ ಮೂರು ಸಲ ಡುಮ್ಕಿ.
ಮೂರನೆಯದು ಮೊನ್ನೆ ಗುರುವಾರ:
ನಡುರಸ್ತೆಯಲ್ಲಿ ಗಕ್ಕನೆ ನಿಂತುಬಿಟ್ಟ,
ದೂರದ ಗೋಡೆಯ ಮೇಲಿನ ಒಂದು ಕಡಲಹಕ್ಕಿಗೆ.
"ಏನಾದರೂ ಹಿಡಿದುಕೊಳ್ಳಲೇ?" ಎಂದ, ಕೈ ಜೇಬಿನಲ್ಲೇ.
"ದೀಪ ಹಿಡಿ."

ಕ್ಯಾಲಿಪರು ಬಿಚ್ಚಿ, ಭಾರ ಹೋಸಿನ ಮೇಲೆ ಬೀಳದಂತೆ
ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿದೆ.
ಹಳೆಯ ಪ್ಯಾಡುಗಳು ಅಂಗೈಗೆ ಬಂದವು:
ಹೊರಗಿನದು ಇನ್ನೂ ಬಿಸ್ಕತ್ತಿನಷ್ಟು ದಪ್ಪ,
ಒಳಗಿನದು ಸವೆದು ಬರೀ ತಗಡು.
ಜಾರಬೇಕಾದ ಪಿನ್ನು ತುಕ್ಕಿನಲ್ಲಿ ಸಿಕ್ಕಿಬಿದ್ದು
ಇಷ್ಟು ದಿನ ದುಡಿದದ್ದೆಲ್ಲ ಒಂದೇ ಕೆನ್ನೆ.
ಇನ್ನೊಂದು, ಪಕ್ಕದಲ್ಲೇ ಕೂತು ನೋಡಿದೆ.

ಕಪ್ಪು ಪುಡಿಗೆ ಬೆರಳು ಚಾಚಿದ.
"ಊದಬೇಡ, ಎದೆಗೆ ಹೋಗುತ್ತದೆ. ಎಲ್ಲ ನಿನ್ನದೇ ಹೆದರಿಕೆ," ಎಂದೆ.
ನಗಲಿಲ್ಲ.
ನಾನು ಹೇಳಿದ್ದು ನಿಜವೂ ಅಲ್ಲ.
ಎಡಗಡೆ, ನನ್ನ ಕಾಲಡಿಯಲ್ಲೂ ಒಂದು ಬ್ರೇಕ್ ಉಂಟು.
ಅದರ ರಬ್ಬರು ಬಲಗಡೆಯದಕ್ಕಿಂತ ನುಣ್ಣಗಾಗಿದೆ.
ಕುರಿಮಂದೆಯ ಮುಂದೆ ಬ್ರಿನ್‌ಮೋರ್,
ಅಂಚೆಕಚೇರಿಯ ತಿರುವಿನಲ್ಲಿ ಕಣ್ಣು ಮುಚ್ಚಿಕೊಂಡ ದಂತವೈದ್ಯೆ,
ಈ ಹುಡುಗ, ಎಲ್ಲೆಲ್ಲೂ.
ಅವರಿಗಿಂತ ಅರೆಕ್ಷಣ ಮೊದಲು, ಅವರಿಗೆ ತಿಳಿಯದ ಹಾಗೆ
ಒತ್ತಿದ್ದು ನಾನು.
ಗುರುವಾರ ನನ್ನ ಕಾಲು
ಪರೀಕ್ಷಾಕೇಂದ್ರದ ಬೆಂಚಿನ ಕೆಳಗೆ ಇತ್ತು.

ಡಿಸ್ಕು ಹಬ್ಬಿಗೆ ಕಚ್ಚಿಕೊಂಡಿತ್ತು, ಉಪ್ಪುಗಾಳಿಯ ಬೆಸುಗೆ.
ಮಾಕ್ಸೆನ್ ಸುತ್ತಿಗೆ ಎತ್ತಿದ.
"ತಾಳು. ಇನ್ನೊಂದು ಚರಣ ಇದೆ."
ಕಾದೆವು, ಒಬ್ಬ ಮೊಣಕಾಲೂರಿ, ಒಬ್ಬಳು ಕುಕ್ಕರಗಾಲಲ್ಲಿ,
ಭಕ್ತರಿಗೇನು ಕಡಿಮೆ?
"ಆಮೆನ್ ಅಂದರು, ಹೊಡಿ!"
ಮೂರನೆಯ ಏಟಿಗೆ ಠಣ್ಣೆಂದು ಕಳಚಿಬಿತ್ತು.
ಕಿಟಕಿಯಲ್ಲಿ ಡೀಕನ್ ಹೆವಿನ್‌ನ ಮುಖ:
"ಇನ್ನೊಂದು ಬದಿ ಎಷ್ಟು ಹೊತ್ತಿಗೆ?"

ಇನ್ನು ಪಿಸ್ಟನ್. ಹುಡುಗ ಒತ್ತಿದ.
ಕುತ್ತಿಗೆಯ ನರ ಉಬ್ಬಿತು, ಅದು ಜಪ್ಪೆನ್ನಲಿಲ್ಲ.
"ಮುಂದಿನ ಗಾಲಿಯದು ಒತ್ತಿದರೆ ಸಾಕು, ಹೋಗುತ್ತದೆ.
ಇದರ ಹೊಟ್ಟೆಯಲ್ಲಿ ಹ್ಯಾಂಡ್‌ಬ್ರೇಕಿನ ತಿರುಪು ಇದೆ.
ಒತ್ತುತ್ತಾ ತಿರುಗಿಸು.
ತಿರುಗಿಸುವುದೊಂದೇ ಅಲ್ಲ, ಒತ್ತುವುದೊಂದೇ ಅಲ್ಲ."
ತಿರುಗಿಸಿದ. ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು,
ಬೆಂಚಿನ ಮೇಲೆ ಮುದುಕ ಜಾಗ ಬಿಟ್ಟುಕೊಡುವ ಹಾಗೆ
ಸರಿಯಿತು.

ಇನ್ನೊಂದು ಬದಿ ಅವನೇ ಮಾಡಿದ.
ದೀಪ ನಾನು ಹಿಡಿದೆ.

ಕಾರು ಇಳಿಸಿ, "ಹತ್ತು, ಬ್ರೇಕ್ ಒತ್ತು," ಎಂದೆ.
ಪೆಡಲು ನೆಲ ಮುಟ್ಟಿತು. ಅವನ ಮುಖ ಸುಣ್ಣ.
"ಅಲ್ಲಿ ಏನೂ ಇಲ್ಲ!"
"ಮತ್ತೆ ಒತ್ತು."
ಏನೂ ಇಲ್ಲ.
"ಮತ್ತೆ."
ಆರೋ ಏಳೋ ಸಲಕ್ಕೆ
ಕತ್ತಲಲ್ಲಿ ಯಾರೋ ಕೈ ಕೊಟ್ಟಂತೆ
ಕೆಳಗಿನಿಂದ ಒಂದು ಗಟ್ಟಿತನ ಬಂತು.
ಅವನು ನನ್ನ ಕಡೆ ನೋಡಿದ.

"ಗೇಟಿನವರೆಗೆ ಹೋಗೋಣ. ನಡಿಗೆಯ ವೇಗ."
ಶೂ ಬಿಚ್ಚಿ
ಎರಡೂ ಕಾಲು ಸೀಟಿನ ಮೇಲೆ ಮಡಚಿ ಕೂತೆ.
ಹೊಸ ಡಿಸ್ಕುಗಳು ಒರಗುಟ್ಟಿದವು.
ಆಚೆ ರಸ್ತೆಯ ಮೇಲೆ ಆಳೆತ್ತರದ ಬಿಳಿ ಅಕ್ಷರ:
ಅರಾವ್. ನಮ್ಮ ನುಡಿಯಲ್ಲಿ, ನಿಧಾನ.
ಗೇಟಿನ ಕಂಬದ ಮೇಲೆ ಒಂದು ಕಡಲಹಕ್ಕಿ.
ಅದಕ್ಕೆ ನಿಲ್ಲಲಿಲ್ಲ.
ಗೇಟಿಗೆ ನಿಂತ, ಮೆತ್ತಗೆ, ಒಂದು ಮೊಳ ಈಚೆಗೆ.

ನನ್ನ ಬಲಗಾಲಿನ ಹೆಬ್ಬೆರಳು ಮಾತ್ರ
ಸೀಟಿನ ಬಟ್ಟೆಯನ್ನೇ
ಒತ್ತಿಹಿಡಿದಿತ್ತು.